ಕೊಯ್ಯಬೇಡಿ ಎಂದವಳು

ನನ್ನ ತಮ್ಮನ ಹೆಣ ಕೊಯ್ಯಬೇಡಿ ಎಂದು ಕೂಗಿದವಳು ನಾನು. ಉಡುತಡಿಯ ಅವನ ಮನೆಯ ಅಂಗಳದಲ್ಲಿ, ಊರಿನವರೆಲ್ಲ ಸೇರಿದ್ದಾಗ.

ಹಿರಿಯರೊಬ್ಬರು ಒಳ್ಳೆಯ ಮಾತನ್ನೇ ಹೇಳಿದ್ದರು. "ಹಾವು ಕಚ್ಚಿ ರೈತ ಸತ್ರೆ ಮನೆಯವರಿಗೆ ಸರ್ಕಾರದಿಂದ ಪರಿಹಾರ ಬರ್ತತಿ. ಠಾಣೆಗೆ ತಿಳಿಸಿ ಶಿಕಾರಿಪುರಕ್ಕೆ ಒಯ್ಯೋಣ. ಪೋಸ್ಟ್‌ಮಾರ್ಟಂ ಆಗ್ಲಿ."

ನಾನು ಎದೆ ಬಡಿದುಕೊಂಡು ಹೆಣಕ್ಕೆ ಅಡ್ಡ ಕೂತೆ. "ನನ್ನ ತಮ್ಮ ಏನು ಕುರಿಯಾ, ಕೊಯ್ದು ನೋಡಾಕೆ?"

ಗೋಡೆಗೆ ಒರಗಿ ಕೂತಿದ್ದ ಅವನ ಹೆಂಡತಿ, "ಅಕ್ಕ ಹೇಳಿದಂಗೇ ಮಾಡ್ರಿ," ಎಂದಳು. ಹೊತ್ತು ಇಳಿಯುವುದರೊಳಗೆ ಅವನದೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿದೆವು. ಒಡಹುಟ್ಟಿದವಳ ಸಂಕಟ ಎಂದು ಊರಿನವರು ಕಣ್ಣೊರೆಸಿಕೊಂಡರು. ನನಗೆ ಸಂಕಟವೂ ಇತ್ತು. ಆದರೆ ಕೂಗಿಸಿದ್ದು ಹೆದರಿಕೆ.

ಅವತ್ತು ಬೆಳಗ್ಗೆ ಗೋವಿನಜೋಳದ ದಂಟಿನ ಬಣವೆಗೆ ಕೈ ಹಾಕಿದಾಗ ಅವನಿಗೆ ಹಾವು ಕಚ್ಚಿತ್ತು. ಹೆಂಡತಿ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಅವನು ಫೋನು ಮಾಡಿದ್ದು ನನಗೆ. ಅವ್ವ ಕುರಿ ಹಿಂದೆ ಊರೂರು ತಿರುಗುತ್ತಿದ್ದಾಗ ಅವನನ್ನು ನೋಡಿಕೊಂಡವಳು ನಾನು. ಅದಕ್ಕೇ ನನ್ನ ಶಾಲೆ ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಮೀಸೆ ಬಂದ ಮೇಲೂ ಅವನು ಏನೇ ಆದರೂ ನನ್ನನ್ನು ಕೇಳಿಯೇ ಮಾಡುತ್ತಿದ್ದ.

"ಅಕ್ಕಾ, ಬಲಗೈಗೆ ಕಚ್ಚೈತಿ. ಆಸ್ಪತ್ರೆಗೆ ಹೋಗ್ಲಾ?"

ನನ್ನನ್ನು ಕೊಟ್ಟಿದ್ದು ಸೊರಬ ತಾಲ್ಲೂಕಿಗೆ, ಆನವಟ್ಟಿ ಹತ್ತಿರದ ಹಳ್ಳಿಗೆ. ಅಲ್ಲಿ ಹಾವಿಗೆ ಬೇರು ಅರೆದು ಕೊಡುವವರೊಬ್ಬರಿದ್ದರು. ಹಿಂದೆ ನನ್ನ ಮಾವನಿಗೆ ಕೊಟ್ಟಿದ್ದರು, ಮಾವ ಉಳಿದಿದ್ದರು. ಕಚ್ಚಿದ್ದು ವಿಷದ ಹಾವೇ ಹೌದಾ ಎಂದು ಆಗ ಯಾರೂ ಕೇಳಿರಲಿಲ್ಲ.

"ಆಸ್ಪತ್ರೆ ಬ್ಯಾಡ," ಎಂದೆ. "ಅಲ್ಲಿ ಶಿವಮೊಗ್ಗಕ್ಕೆ ಬರೆದು ಕಳಿಸ್ತಾರೆ, ಅಷ್ಟೇ. ಎಲ್ಲೂ ನಿಲ್ಲಬ್ಯಾಡ, ಸೀದಾ ಇಲ್ಲಿಗೆ ಬಾ."

ಪಕ್ಕದ ಮನೆಯವನ ಬೈಕು ಹತ್ತಿ ಹೊರಟನಂತೆ. ದಾರಿಯಲ್ಲಿ ಆಸ್ಪತ್ರೆ ಕಂಡಾಗ ಬೈಕಿನವನು ನಿಲ್ಲಿಸಲು ಹೋದರೆ, "ಬ್ಯಾಡ, ಆನವಟ್ಟಿ ಕಡೆ ನಡಿ," ಎಂದನಂತೆ. ಯಾಕೆ ಎಂದು ಹೇಳಲಿಲ್ಲ. ನಾನು ರಸ್ತೆಗೆ ಬಂದು ಕಾಯುತ್ತಿದ್ದೆ. ಬೈಕು ಬಂದಾಗ ಅವನ ತಲೆ ಮುಂದಿನವನ ಬೆನ್ನಿಗೆ ಆತುಕೊಂಡಿತ್ತು. ಇಳಿಸಿಕೊಳ್ಳಲು ಹಿಡಿದರೆ ಇಡೀ ಮೈ ನನ್ನ ಮೇಲೆ ಬಿತ್ತು. ಬೇರು ಅರೆಯುವಷ್ಟು ಹೊತ್ತೂ ಉಸಿರು ಉಳಿಯಲಿಲ್ಲ, ಅವನನ್ನು ಉಡುತಡಿಗೇ ವಾಪಸ್ ತಂದೆವು.

ಆ ಫೋನಿನ ಮಾತು ನನಗೊಬ್ಬಳಿಗೇ ಗೊತ್ತು. ಪೊಲೀಸರು ಬಂದರೆ ಕೇಳುತ್ತಾರೆ, ಆಸ್ಪತ್ರೆ ದಾಟಿ ಯಾಕೆ ಹೋದ ಎಂದು. ಅದಕ್ಕೇ ಕೂಗಿದೆ.

ಅವನ ಹೆಂಡತಿಗೆ ವಿಧವಾ ವೇತನ ಬೇಗ ಸಿಕ್ಕಿತು. ಮರಣ ಪ್ರಮಾಣಪತ್ರ ಇದ್ದರೆ ಅದಕ್ಕೆ ಸಾಕಿತ್ತು. ಆದರೆ ನೋಡಿಕೊಳ್ಳುವವರಿಲ್ಲದೆ ಅವನ ಕುರಿಗಳನ್ನು ಮಾರಿಯಾಗಿತ್ತು. ದೊಡ್ಡ ಮಗಳು ನರ್ಸಿಂಗ್ ಸೇರಿದ್ದಳು. ಅವಳ ಓದು ನಿಲ್ಲಬಾರದು ಎಂದರೆ ಹಾವಿನ ಪರಿಹಾರ ಬರಲೇಬೇಕಿತ್ತು. ನಾನೂ ಅವನ ಹೆಂಡತಿಯೂ ಶಿಕಾರಿಪುರದ ಕಚೇರಿಗೆ ಹೋದೆವು.

"ಪೋಸ್ಟ್‌ಮಾರ್ಟಂ ವರದಿ ಎಲ್ಲೈತಮ್ಮ?" ಎಂದರು ಅಲ್ಲಿನ ಅಧಿಕಾರಿ.

"ಮಾಡಿಸ್ಲಿಲ್ರೀ."

"ಕುರಿ ಸತ್ರೆ ಪರಿಹಾರಕ್ಕೆ ಅಂತ ಡಾಕ್ಟ್ರನ್ನ ಕರ್ಸಿ, ಕೊಯ್ಸಿ, ಸರ್ಟಿಫಿಕೇಟ್ ಮಾಡಿಸ್ತೀರಿ. ಮನುಷ್ಯ ಸತ್ರೆ ಬ್ಯಾಡ ಅಂತೀರಿ. ಹಾವೇ ಕಚ್ಚಿದ್ದು ಅಂತ ನಾನು ಯಾವ ಬಾಯಲ್ಲಿ ಬರೀಲಿ?" ಆಮೇಲೆ ಸ್ವಲ್ಪ ಮೆತ್ತಗಾಗಿ ಕೇಳಿದರು. "ಸುಟ್ಟಿದ್ದೋ, ಹೂಳಿದ್ದೋ?"

ಹೂಳಿದ್ದರಿಂದ ದಾರಿ ಇತ್ತು. ಠಾಣೆಯಲ್ಲಿ ದೂರು ಕೊಟ್ಟು, ಮೇಲಿನವರ ಅಪ್ಪಣೆ ಪಡೆದು, ಗುಂಡಿ ತೆಗೆಸಿ ಪರೀಕ್ಷೆ ಮಾಡಿಸಬಹುದಂತೆ. ಅವಳು ಆ ಕ್ಷಣವೇ ಒಪ್ಪಿದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಗಂಡನನ್ನು ಬೈಯುತ್ತಲೇ ಇದ್ದಳು. "ಬುದ್ಧಿ ಇರ್ಲಿಲ್ಲ ಅಕ್ಕ ಅವ್ರಿಗೆ. ಆಸ್ಪತ್ರೆ ಬಾಗಿಲ ಮುಂದೇ ಹೋಗ್ಯಾರೆ, ಇಳಿದಿಲ್ಲ. ಮಕ್ಕಳ ಮುಖಾನಾದ್ರೂ ನೆನಪಾಗಬಾರ್ದಾ? ಹಠ, ಬರೀ ಹಠ."

"ಹೂಂ," ಎಂದೆ. ಹೊರಗೆ ನೋಡುತ್ತ ಎರಡನೇ ಸಲವೂ ಹೂಂ ಎಂದೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ಅವಳನ್ನೇ ಎದುರಿಗೆ ಕೂರಿಸಿಕೊಂಡರು. ನನಗೆ ಪಕ್ಕದ ಬೆಂಚು.

"ಸತ್ತಾಗ್ಲೇ ಯಾಕೆ ತಿಳಿಸ್ಲಿಲ್ಲ? ಯಾರು ಬ್ಯಾಡ ಅಂದಿದ್ದು?"

"ನಾವೇ ಸಾರ್. ಗೊತ್ತಾಗ್ಲಿಲ್ಲ." ನನ್ನ ಕಡೆ ಬೆರಳು ಮಾಡಲಿಲ್ಲ ಅವಳು.

"ಹಾವು ಕಚ್ಚಿದವನು ಆಸ್ಪತ್ರೆ ದಾಟಿ ಹೋಗ್ತಾನೇನಮ್ಮ? ನಿಮ್ಮಿಬ್ರಿಗೂ ಜಗಳ ಇತ್ತಾ?"

"ಇಲ್ಲ ಸಾರ್."

"ಮನೇಲಿ ಬೆಳೆಗೆ ಹೊಡಿಯೋ ಔಷಧಿ ಇತ್ತಾ?"

"ಇತ್ತು. ಎಲ್ರ ಮನೇಲೂ ಇರ್ತತಿ."

"ಅವನೇ ಕುಡಿದ್ನಾ? ಇಲ್ಲಾ ನೀನೇ..." ಅವರು ಮಾತು ಮುಗಿಸಲಿಲ್ಲ. ಪೆನ್ನು ಎತ್ತಿ ಹಿಡಿದು ಅವಳ ಮುಖ ನೋಡಿದರು.

ಅವಳು ಕುರ್ಚಿಯ ತುದಿ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡ ಆಸ್ಪತ್ರೆ ದಾಟಿ ಯಾಕೆ ಹೋದ ಎಂದು ಅವಳಿಗೆ ಗೊತ್ತಿದ್ದರಲ್ಲವೇ ಹೇಳುವುದು. ನಾನು ಇನ್ನೂ ಸುಮ್ಮನಿದ್ದರೆ ಪರಿಹಾರ ಹೋಗುವುದಿರಲಿ, ಗಂಡನನ್ನು ಕೊಂದವಳು ಎಂಬ ಮಾತು ಆ ಮನೆಗೆ ಹತ್ತುತ್ತಿತ್ತು. ಅಷ್ಟು ತಿಳಿದೂ ನಾನು ಒಂದು ಗಳಿಗೆ ಬಾಗಿಲ ಕಡೆ ನೋಡಿದೆ. ಅದನ್ನೂ ಹೇಳಬೇಕು.

"ನಾನು ಸಾರ್," ಎಂದು ಎದ್ದೆ. "ಫೋನಲ್ಲಿ ಹಾವು ಕಚ್ಚೈತಿ ಅಂದ. ಆಸ್ಪತ್ರೆಗೆ ಹೋಗ್ಲಾ ಅಂತ ಕೇಳ್ದ. ಬ್ಯಾಡ, ಎಲ್ಲೂ ನಿಲ್ಲಬ್ಯಾಡ, ನಮ್ಮೂರಿಗೆ ಬಾ, ಬೇರು ಕೊಡಿಸ್ತೀನಿ ಅಂದೆ. ಕೊಯ್ಯಬ್ಯಾಡ್ರಿ ಅಂತ ಕೂಗಿದ್ದೂ ನಾನೇ. ಈ ಮಾತು ಹೊರಗೆ ಬರ್ತತಿ ಅಂತ."

ಅವರು ಬರೆಯತೊಡಗಿದರು. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ಕೂಗುತ್ತಾಳೆ ಎಂದುಕೊಂಡೆ. ಹೊಡೆದರೂ ಸರಿ ಎನಿಸಿತ್ತು.

"ಇಷ್ಟು ದಿನ ಅವ್ರನ್ನ ಬೈದೆನಲ್ಲ ನಾನು," ಎಂದಳು. "ನೀವು ಪಕ್ಕದಲ್ಲೇ ಕೂತು ಹೂಂ ಅಂದ್ರಿ."

ಗುಂಡಿ ತೆಗೆಸಿದ ದಿನ ತಹಶೀಲ್ದಾರರು, ಡಾಕ್ಟರು, ಪೊಲೀಸರು ಹೊಲಕ್ಕೆ ಬಂದರು. ಸುತ್ತ ತಾಡಪಾಲು ಕಟ್ಟಿದರು. ಗುರುತು ಹಿಡಿಯಲು ಮನೆಯವರೊಬ್ಬರು ಒಳಗೆ ಬರಬೇಕು ಎಂದಾಗ ಅವಳು ಕೂತಲ್ಲಿಂದ ಏಳಲಿಲ್ಲ.

"ಮುಚ್ಚಿಸಿದೋರು ಅವರೇ. ತೆಗೆಯೋವಾಗ್ಲೂ ಅವರೇ ನಿಲ್ಲಲಿ."

ಹೋಗಿ ನಿಂತೆ. ನೋಡಿದೆ. ಅಂಗಿಯ ಬಣ್ಣ ಗೊತ್ತಾಗುತ್ತಿತ್ತು. "ಹೌದು, ನನ್ನ ತಮ್ಮ," ಎಂದು ಹೇಳಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರು, ಸಹಿ ಬರುತ್ತದೆ ಎಂದೆ. ಮೊದಲ ಅಕ್ಷರ ಬರೆದೆ, ಮುಂದಿನದು ಮೂಡಲಿಲ್ಲ. ಕೊನೆಗೆ ಹೆಬ್ಬೆಟ್ಟನ್ನೇ ಒತ್ತಿದೆ.

ಪ್ರಯೋಗಾಲಯದಿಂದ ವರದಿ ಬರಲು ಬಹಳ ತಡವಾಯಿತು. ಬೆಳೆಯ ಔಷಧಿಯ ಗುರುತಿಲ್ಲ ಎಂದು ಬಂತು. ಅದರ ಜೊತೆ ಬೈಕಿನವನ ಹೇಳಿಕೆ, ನನ್ನ ಹೇಳಿಕೆ ಸೇರಿಸಿ ಮೇಲಕ್ಕೆ ಕಳಿಸಿದರು. ಪರಿಹಾರ ಮಂಜೂರಾದ ಸುದ್ದಿಯನ್ನು ಫೋನು ಮಾಡಿ ಹೇಳಿದ್ದು ನರ್ಸಿಂಗ್ ಓದುವ ಹುಡುಗಿ.

"ಅತ್ತೆ, ಪರಿಹಾರ ಬಂತು. ನಾನು ನಾಳೆ ಹಾಸ್ಟೆಲಿಗೆ ವಾಪಸ್ ಹೋಗ್ತೀನಿ."

"ಅವ್ವ ಏನಂದ್ಲು?"

ಹುಡುಗಿಯ ಹಿಂದೆ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಿತು.

"ಏನೂ ಅಂದಿಲ್ಲ ಅತ್ತೆ. ನಿಮಗೆ ತಿಳಿಸು ಅಂತನೂ ಅಂದಿಲ್ಲ. ನಾನೇ ಮಾಡಿದೆ."

ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.