ಬೂದಿ ಹತ್ತಿದ ಪದ್ಯಗಳು

ಬನಹಟ್ಟಿಯ ಹಳೆಯ ಓಣಿಗಳಲ್ಲಿ ಇನ್ನೂ ಎಲ್ಲೋ ಒಂದು ಮನೆಯಲ್ಲಿ ನೂಲಿಗೆ ಗಂಜಿ ಹಚ್ಚುತ್ತಾರೆಂದು ಕಾಣುತ್ತದೆ. ಹೋದ ತಿಂಗಳು ಜಮಖಂಡಿಯಿಂದ ತೇರದಾಳಕ್ಕೆ ಹೊರಟ ಬಸ್ಸು ಅಲ್ಲಿ ನಿಂತಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹಸಿ ಹತ್ತಿ, ಸ್ವಲ್ಪ ಹುಳಿಯೇರಿದ ಗಂಜಿ, ಬಿಸಿಲಿಗೆ ಕಾದ ಬಿದಿರು. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ನಮ್ಮ ಮನೆ, ಪಡಸಾಲೆಯಲ್ಲಿ ಅತ್ತೆ, ಮಗ್ಗದ ಮುಂದೆ ಅಪ್ಪ ಎಂದು ಆ ವಾಸನೆ ಆಣೆ ಮಾಡಿ ಹೇಳುತ್ತಿತ್ತು. ನಾನು ಇಳಿಯಲಿಲ್ಲ. ವಾಸನೆಗಳನ್ನು ನಾನು ನಂಬುವವಳಲ್ಲ. ಆ ಮನೆ ಮಾರಿ ಹದಿನೈದು ವರ್ಷವಾಯಿತು, ಅಲ್ಲೀಗ ಯಾರದೋ ಪವರ್‌ಲೂಮುಗಳು ಗಡಗಡ ಅನ್ನುತ್ತಿವೆ. ನಾನು ಹುಟ್ಟಾ ಸಂಶಯದ ಹೆಣ್ಣು. ಕಾಯಿಪಲ್ಯೆ ಮಾರುವವಳ ತಕ್ಕಡಿಯಿಂದ ಹಿಡಿದು ನನ್ನ ಗಂಡನ ನಗುವಿನವರೆಗೆ ಎಲ್ಲವನ್ನೂ ಎರಡು ಸಲ ನೋಡುತ್ತೇನೆ. ಆದರೂ ಮನೆಗೆ ಬಂದವಳೇ ಟ್ರಂಕಿನ ತಳದಿಂದ ನನ್ನ ಹಳೆಯ ಪದ್ಯದ ವಹಿ ತೆಗೆದೆ.

ನಮ್ಮದು ಎರಡು ಕುಣಿಮಗ್ಗದ ಮನೆಯಾಗಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ದಿನವಿಡೀ ನೇಯುತ್ತಿದ್ದ. ಮಗ್ಗದ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ಅವನ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ನೀರು ಕೇಳಿದರೂ ಬೈದ ಹಾಗೆ ಕೇಳಿಸುತ್ತಿತ್ತು. ಅಪ್ಪನ ಅಕ್ಕ ಗಂಗವ್ವ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಪಡಸಾಲೆಯಲ್ಲಿ ರಾಟಿ ಇಟ್ಟುಕೊಂಡು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಗ್ಗ, ರಾಟಿ, ರೊಟ್ಟಿ, ಈ ಮೂರು ಸಪ್ಪಳ ಒಟ್ಟಿಗೆ ನಿಂತರೆ ಮಾತ್ರ ನಮಗೆ ಏನೋ ಆಗಿದೆಯೆಂದು ಹೆದರಿಕೆಯಾಗುತ್ತಿತ್ತು. ಅತ್ತೆ ನಾಲ್ಕನೆಯ ಇಯತ್ತೆ ಓದಿದ್ದಳು, ಬೆಲ್ಲ ಕಟ್ಟಿ ತಂದ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಅಪ್ಪನೂ ಸಾಲಿಗೆ ಹೋದವನೇ, ಆದರೆ ಅವನ ಕೈಯಲ್ಲಿ ಒಂದು ಚೂರು ಕಾಗದ ಇದ್ದದ್ದನ್ನು ನಾನು ಕಂಡಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ, ಇಂಥ ಒಬ್ಬ ಅಪ್ಪ ಇದ್ದಿರಬಹುದು. ಇದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಪದ್ಯ ಬರೆಯುವ ಹುಚ್ಚು ಹತ್ತಿಸಿದವಳು ಅತ್ತೆಯೇ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದರೆ ನೇಕಾರರು ಅದನ್ನು ಪೂರ್ತಿ ಕಡಿದು ತೆಗೆಯುವುದಿಲ್ಲ. ತುದಿಯಲ್ಲಿ ಒಂದು ಗೇಣು ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದೇ ಎಳೆಗೆ ಹೊಸೆದು ಕೂಡಿಸುತ್ತಾರೆ. ಬೆರಳು ಜಾರಬಾರದೆಂದು ಪಕ್ಕದಲ್ಲಿ ಒಂದು ಬಟ್ಟಲು ಒಲೆಯ ಬೂದಿ. ಸಾವಿರಾರು ಎಳೆ, ಎರಡು ದಿನದ ಕೆಲಸ, ನಮ್ಮ ಮನೆಯಲ್ಲಿ ಅದು ಅತ್ತೆಯದು. ನಾನು ಒಂಬತ್ತು ವರ್ಷದವಳಿದ್ದಾಗ ಯುಗಾದಿಯ ಮರುದಿನ, ಹಾಗೆ ಎಳೆ ಕೂಡಿಸುತ್ತ ಕೂತವಳು ಅಂದಳು, “ಸುಮೀ, ವರ್ಷಾ ಯುಗಾದಿಗೆ ನಿನ್ನ ಮ್ಯಾಲ ನೀನ ಒಂದ ಹಾಡ ಬರಿ. ಮುಂದಿನ ವರ್ಷದ್ದು ಈ ವರ್ಷದ ಕಡೀ ಸಾಲಿಂದ ಸುರು ಆಗಬೇಕು ನೋಡು. ಹಳೀದ ಕಡಕೊಂಡ ಹೋಗಬಾರದು.” ನಾನು ಬರೆದೆ. ವಹಿಯನ್ನು ಮಗ್ಗದ ಪಕ್ಕದ ಗೋಡೆಯ ಗೂಡಿನಲ್ಲಿ, ಮುರಿದ ಲಾಳಿಗಳ ಹಿಂದೆ ಇಟ್ಟೆ. ದಿನವೂ ಕಣ್ಣೆದುರಿಗಿರುವ ಜಾಗದಲ್ಲಿ ಯಾರೂ ಹುಡುಕುವುದಿಲ್ಲವೆಂದು ನನ್ನ ಲೆಕ್ಕಾಚಾರ. ಎಂಥ ಜಾಣೆ!

ಈಗ ಆ ಪದ್ಯಗಳನ್ನು ಸಾಲಾಗಿ ಓದುವಾಗ, ಬರೆದ ಹುಡುಗಿಯ ಮೇಲೂ ನನಗೆ ಸಂಶಯವೇ. ಒಂಬತ್ತರ ಪದ್ಯದಲ್ಲಿ “ಚಂದ್ರನು ದೊಡ್ಡವನು, ನಾನು ಚಿಕ್ಕವಳು” ಎಂದು ಚಂದ್ರನನ್ನು ಮಾತಾಡಿಸಿದ್ದೇನೆ. ಸುಳ್ಳು. ನಾನು ಚಂದ್ರನನ್ನು ನೆಟ್ಟಗೆ ನೋಡಿದವಳೇ ಅಲ್ಲ, ಪದ್ಯವೆಂದರೆ ಚಂದ್ರ ಇರಬೇಕೆಂದು ಎಳೆದು ತಂದದ್ದು. ಅದರ ಕೊನೆಯ ಸಾಲು “ನಾಳೆ ನಾನೂ ದೊಡ್ಡವಳು”. ಹತ್ತರ ಪದ್ಯ ಅಲ್ಲಿಂದಲೇ ಶುರುವಾಗಿ, ಒಂದು ರೇಷ್ಮೆ ಲಂಗದ ಆಸೆಯಲ್ಲಿ ಮುಗಿಯುತ್ತದೆ. ಹನ್ನೊಂದಕ್ಕೆ ಲಂಗ ಹೋಗಿ ಗೆಳತಿಯೊಂದಿಗಿನ ಜಗಳ ಬಂದಿದೆ, ಹನ್ನೆರಡಕ್ಕೆ ಜಗಳ ಹೋಗಿ ಯಾಕೋ ಅಳು ಬಂದಿದೆ. ಅಕ್ಷರ ಸಣ್ಣದಾಗುತ್ತ, ಸುಳ್ಳು ಕಡಿಮೆಯಾಗುತ್ತ ಹೋಗಿವೆ. ಹದಿಮೂರಕ್ಕೆ ಮೊದಲ ಸಲ ಖರೆ ಮಾತು ಬರೆದಿದ್ದೇನೆ.

ಅಪ್ಪನ ದನಿ ಕೇಳಿದರೆ
ನನ್ನ ಮಾತು ಕುಣಿಗೆ ಬೀಳುತ್ತದೆ.
ಮೇಲೆತ್ತಲು ಹೋದರೆ
ಅಲ್ಲಿ ಅಪ್ಪನ ಕಾಲು.

ಅದನ್ನು ಬರೆದು ಎಂಟು ದಿನವಾಗಿರಬೇಕು. ವಹಿ ತೆಗೆದರೆ ಆ ಪುಟದ ಅಂಚಿನಲ್ಲಿ ಬೂದಿಯ ಎರಡು ಬೆರಳ ಗುರುತು. ಅದೇ ವಾರ ಇನ್ನೊಂದು ವಿಚಿತ್ರವೂ ನಡೆದಿತ್ತು. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ. ನೀರು ಬೇಕಾದರೆ ತಾನೇ ಎದ್ದು ಹೋಗುತ್ತಿದ್ದ. ನಾನಿರುವ ಕಡೆ ಬರುವ ಮುಂಚೆ ಬಾಗಿಲಲ್ಲೇ ಸಣ್ಣಗೆ ಕೆಮ್ಮುತ್ತಿದ್ದ. ಎರಡೂ ಕೂಡಿಸಿ ನೋಡಿದೆ. ಅತ್ತೆ ಕದ್ದು ಓದಿದಳು, ಅಪ್ಪನಿಗೆ ಚಾಡಿ ಹೇಳಿದಳು, ಅಪ್ಪನಿಗೆ ಸಿಟ್ಟು ಬಂತು. ಮಗ್ಗದ ಹತ್ತಿರ ಬೂದಿ ಮುಟ್ಟುವವಳು ಅವಳೊಬ್ಬಳೇ, ಕಾಗದ ಕಂಡರೆ ಓದುವವಳೂ ಅವಳೊಬ್ಬಳೇ. ಇನ್ನೇನು ಸಾಕ್ಷಿ ಬೇಕು?

ವಹಿ ಹಿಡಿದು ಪಡಸಾಲೆಗೆ ಹೋದೆ. “ಇದನ್ನ ನೀನ ಓದೀದಿ ಹೌದಿಲ್ಲೋ? ಬೂದಿ ಹತ್ತೇತಿ ನೋಡು, ಸುಳ್ಳ ಹೇಳಬ್ಯಾಡ” ಅಂದೆ. ಅತ್ತೆ ರಾಟಿ ನಿಲ್ಲಿಸಿದಳು. ವಹಿಯನ್ನು ಮುಖದ ಹತ್ತಿರ ತಂದು ಹಿಡಿದಳು, ಆಮೇಲೆ ತನ್ನ ಬೆರಳು ನೋಡಿಕೊಂಡಳು, ಆಮೇಲೆ ಮಗ್ಗದ ಕಡೆ ನೋಡಿದಳು. ಅಲ್ಲಿ ಅಪ್ಪ ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ. “ಹೂಂ ಯವ್ವಾ, ನಾನ ಓದೇನಿ. ತಪ್ಪಾತು” ಅಂದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಇನ್ನೂ ಸಿಟ್ಟು ತರಿಸಿತು. “ಇನ್ನ ನನ್ನ ಮಾತಾಡಸಬ್ಯಾಡ” ಎಂದು ಕಾಲು ಅಪ್ಪಳಿಸಿ ಬಂದೆ. ಅಪ್ಪ ಮತ್ತೆ ನೇಯತೊಡಗಿದ.

ಆಡಿದ ಹಾಗೆಯೇ ನಡೆದುಕೊಂಡೆ. ಅವಳು ತಲೆ ಬಾಚಲು ಕರೆದರೆ ಹೋಗಲಿಲ್ಲ, ಅವಳು ಬಡಿಸಿದರೆ ಹಸಿವಿಲ್ಲ ಅಂದೆ. ಹದಿನಾಲ್ಕರ ಪದ್ಯ ಹಿಂದಿನ ಸಾಲಿನಿಂದ ಶುರುವಾಗಲಿಲ್ಲ. “ಮನೆಯೊಳಗೇ ಕಳ್ಳಿ ಇದ್ದಾಳೆ” ಎಂದು ದಪ್ಪ ಅಕ್ಷರದಲ್ಲಿ ಬರೆದು, ಬೇಕೆಂದೇ ಗೂಡಿನಲ್ಲಿ ಎದ್ದು ಕಾಣುವಂತೆ ಇಟ್ಟೆ. ಹದಿನೈದಕ್ಕೆ ಬರೆಯುವುದನ್ನೇ ಬಿಟ್ಟೆ. ಕದ್ದು ಓದುವ ಮನೆಯಲ್ಲಿ ಬರೆಯುವುದೇನು ಬಂತು? ನನಗೆ ಹದಿನೇಳು ತುಂಬಿದ ವರ್ಷ, ಯುಗಾದಿಯಾದ ಸ್ವಲ್ಪ ದಿನಕ್ಕೆ ಅತ್ತೆ ಜ್ವರ ಬಂದು ಹೋದಳು. ನಾನು ಮುಧೋಳದಲ್ಲಿ ಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ, ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ವಹಿಯಲ್ಲಿ ಅಲ್ಲಿಂದ ಮುಂದೆ ಖಾಲಿ ಪುಟಗಳು. ಪರೀಕ್ಷೆ, ಮದುವೆ, ಮಾಸ್ತರಿಕೆ, ಪುರಸೊತ್ತು ಸಿಗಲಿಲ್ಲವೆಂದು ಎಲ್ಲರಿಗೂ ಹೇಳಿದ್ದೇನೆ. ಮಗಳು ಹುಟ್ಟಿದ ಮೇಲೆ ಮತ್ತೆ ಬರೆಯಲು ಶುರು ಮಾಡಿದೆ, ಆದರೆ ಹಿಂದಿನದಕ್ಕೂ ಇದಕ್ಕೂ ಎಳೆ ಕೂಡಲೇ ಇಲ್ಲ.

ವಹಿ ತೆಗೆದ ವಾರವೇ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ಹೋದ ಮೇಲೆ ರಬಕವಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ, ಬೇಸರವಾದಾಗ ಬಸ್ಸು ಹತ್ತಿ ಬಂದುಬಿಡುತ್ತಾಳೆ. ಅವರೆಕಾಯಿ ಸುಲಿಯುತ್ತ ಕೂತವಳು ವಹಿ ನೋಡಿ ನಕ್ಕಳು. “ಅಯ್ಯ, ಇದಿನ್ನೂ ಐತೇನ? ನಿಮ್ಮಪ್ಪ ಇದನ್ನ ಒಂದೊಂದ ಅಕ್ಷರ ಕೂಡಿಸಿ ಕೂಡಿಸಿ ಓದತಿದ್ದಾ, ಪಾಪ.”

“ಅಪ್ಪ? ಸುಳ್ಳ ಹೇಳಬ್ಯಾಡಬೇ. ಓದಿದಾಕಿ ಗಂಗವ್ವತ್ತಿ. ಬೂದಿ ಹತ್ತಿತ್ತು.”

“ಆಕೀ ಎಲ್ಲಿ ಓದಬೇಕ? ಆ ವರ್ಷ ಗಂಗಕ್ಕನ ಕಣ್ಣಿಗೆ ಪೊರಿ ಬಂದು ಎಳೀನ ಕಾಣತಿದ್ದಿಲ್ಲ. ನೀ ಸಾಲಿಗೆ ಹೋದ ಮ್ಯಾಲ ಎಳಿ ಕೂಡಸಾವ ನಿಮ್ಮಪ್ಪನ. ಅಂವನ ದನಿ ಕೇಳಿದ್ರ ಅಂಜಿಕಿ ಬರತೈತಂತ ನೀ ಬರದಿದ್ದೆಲ್ಲಾ, ಅದನ್ನ ಓದಿ ಎರಡ ದಿನ ಉಂಡಿಲ್ಲ. ‘ನನ್ನ ದನಿ ಹಂಗೈತೇನ?’ ಅಂತ ಕೇಳತಿದ್ದಾ. ಆಮ್ಯಾಲ ನಿನ್ನ ಮುಂದ ಬಾಯಿ ಬಿಚ್ಚೂದ ಬಿಟ್ಟಾ.”

ಮೂವತ್ತು ವರ್ಷ ಅಪ್ಪನ ಮೌನವನ್ನು ಸಿಟ್ಟೆಂದು ಓದಿದ್ದೆ. ಅವನು ಸತ್ತಾಗಲೂ, ಮಾತು ಬಿಟ್ಟವನು ಬಿಟ್ಟೇ ಹೋದನೆಂದು ಒಳಗೊಳಗೇ ಮುನಿಸಿಕೊಂಡಿದ್ದೆ. “ಹಂಗಾರ ಅತ್ತಿ ಯಾಕ ತನ್ನ ಮ್ಯಾಲ ಹಾಕ್ಕೊಂಡ್ಲು?” ಎಂದು ಕೇಳಿದೆ. ಕೇಳುವಾಗಲೂ, ಅವ್ವ ಸತ್ತವರನ್ನು ದೊಡ್ಡವರನ್ನಾಗಿ ಮಾಡುತ್ತಿದ್ದಾಳೋ ಏನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಾನೂ ಕೇಳಿದ್ನಿ. ‘ಅಪ್ಪ ಓದ್ಯಾನಂತ ತಿಳದ್ರ ಅಂಜಿ ಬರಿಯೂದ ಬಿಡತಾಳ. ನನ್ನ ಮ್ಯಾಲ ಸಿಟ್ಟ ಇದ್ರ ಇರಲಿ, ಸಿಟ್ಟೀಲೆ ಆದ್ರೂ ಬರೀತಾಳ’ ಅಂದ್ಲು. ಬ್ಯಾರೆ ಯಾರಿಗೂ ಹೇಳಬಾರದಂತ ನನ್ನ ಕಡಿಂದ ಆಣಿ ತಗೊಂಡ್ಲು.”

ಅವ್ವ ಸುಲಿದ ಕಾಳನ್ನು ಒಂದು ಕಡೆ ಗುಡ್ಡೆ ಮಾಡಿದಳು. “ಕಡೀ ಯುಗಾದಿಗೆ ಗಂಗಕ್ಕ ಹಾಸಿಗಿ ಹಿಡದಿದ್ಲು. ಕಣ್ಣ ಕಾಣತಿದ್ದಿಲ್ಲ. ‘ಸುಮಿ ಈ ವರ್ಷದ್ದ ಬರದ್ಲೇನ?’ ಅಂತ ಕೇಳಿದ್ಲು.”

“ನೀ ಏನಂದಿ?”

“ಬರದಾಳಂದ್ನಿ. ಏನ ಬರದಾಳ, ಓದ ಅಂದ್ಲು. ನನಗೆಲ್ಲಿ ಓದಾಕ ಬರತೈತಿ? ‘ಗಂಗಕ್ಕ, ನಿನ್ನ ಮ್ಯಾಲ ಬರದಾಳ’ ಅಂತ ಹೇಳಿಬಿಟ್ನಿ.”