ಆನೆಯ ಕಣ್ಣು ಕಿತ್ತು ಬಂದ ದಿನ

ಗಿರಿಜಕ್ಕ, ನೀವು ಹೊಲಿದ ಬಟ್ಟೆ ಆನೆಯ ಕಣ್ಣು ಕಿತ್ತು ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ನಾನು ಸೂಜಿ ಬಚ್ಚಿಟ್ಟೆ ಅನ್ನುವುದಷ್ಟೇ ನಿಮಗೆ ಗೊತ್ತು. ಇದು ಗೊತ್ತಿಲ್ಲ — ಆರು ವರ್ಷದಿಂದ ಯಾರಿಗೂ ಹೇಳಿಲ್ಲ.

ಹಾವೇರಿಯಿಂದ ಬಂದು ಇಟ್ಟಮಡುವಿನ ನಮ್ಮ ಮನೆಯ ಹಿಂಭಾಗಕ್ಕೆ ನೀವು ಬಾಡಿಗೆಗೆ ಸೇರಿದಾಗ ನನಗೆ ಗುಂಡಿ ಹಾಕಲೂ ನೆಟ್ಟಗೆ ಬರುತ್ತಿರಲಿಲ್ಲ. ಓನರ್ ಸೊಸೆ ಅನ್ನುವ ಗತ್ತೊಂದು ಮಾತ್ರ ಇತ್ತು. ಬಟ್ಟೆ ಗೊಂಬೆ ಹೊಲಿಯಲು ಕಲಿಸಿದವರು ನೀವು. ಹತ್ತಿಯನ್ನು ಮೊದಲು ಕಾಲಿನ ತುದಿಗೆ ತುಂಬಬೇಕು, ಹೊಟ್ಟೆಗೆ ಆಮೇಲೆ ಅಂತ ಕೈ ಹಿಡಿದು ತೋರಿಸಿದಿರಿ. ತಪ್ಪಿದರೆ ಬಿಚ್ಚಿಸಿ, ಮತ್ತೆ ಹೊಲಿಸಿ, ಪಕಪಕನೆ ನಗುತ್ತಿದ್ದಿರಿ.

ಗೊಂಬೆಗೆ ಕಣ್ಣು ಕೂರಿಸುವುದೇ ಕಷ್ಟ. ತಲೆಯ ಹಿಂದಿನಿಂದ ದಾರ ತೂರಿಸಿ, ಹತ್ತಿ ದಾಟಿಸಿ, ಮುಂದೆ ಕಣ್ಣಿನ ಗುಂಡಿಗೆ ಪೋಣಿಸಿ, ಮತ್ತೆ ಹಿಂದಕ್ಕೆಳೆದು ಗಂಟು ಹಾಕಬೇಕು. ಮಾಮೂಲಿ ಸೂಜಿ ಅರ್ಧದಲ್ಲೇ ಮುಳುಗಿಹೋಗುತ್ತದೆ. ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ನಾನು ನನ್ನ ಮೊದಲ ಮೊಲಕ್ಕೆ ಕಣ್ಣಿಟ್ಟಿದ್ದೆ. ದಬ್ಬಣ ದಪ್ಪ, ತೂತು ದೊಡ್ಡದು — ಎರಡೇ ದಿನಕ್ಕೆ ಗಂಟು ಒಳಗೆ ಜಾರಿ ಕಣ್ಣು ಕೈಗೆ ಬಂತು. ನಾಚಿಕೆಯಾಗಿ ನಿಮಗೆ ತೋರಿಸದೆ ಕಸಕ್ಕೆ ಹಾಕಿದೆ. ಆಮೇಲೆ ಜಯನಗರದ ಗಲ್ಲಿಗಳಲ್ಲಿ ಅಲೆದೂ ಅಲೆದು, ಒಂದು ಲೇಸು-ಗುಂಡಿ ಅಂಗಡಿಯಲ್ಲಿ ಐದಿಂಚಿನ ತೆಳ್ಳನೆಯ ಸೂಜಿ ಹುಡುಕಿದೆ. ಪ್ಯಾಕೆಟ್ಟಿಗೆ ಹತ್ತು.

ಆ ವಾರವೇ ಬನಶಂಕರಿಯ ಒಂದು ಶಿಶುವಿಹಾರದ ಮೇಡಂ, ವರ್ಷವಿಡೀ ಗೊಂಬೆ ಹೊಲಿದುಕೊಡುವವರು ಒಬ್ಬರು ಬೇಕು, ಇಬ್ಬರೂ ಒಂದೊಂದು ಮಾಡಿ ತನ್ನಿ ಅಂದರು. ನೀವಿರುವಾಗ ನನ್ನನ್ನು ಯಾರು ಆರಿಸುತ್ತಾರೆ? ಒಂದು ಸೂಜಿ ಹೊರಗಿಟ್ಟುಕೊಂಡು, ಪ್ಯಾಕೆಟ್ಟನ್ನು ಹೊಲಿಗೆ ಡಬ್ಬಿಯ ತಳಕ್ಕೆ ಸೇರಿಸಿದೆ.

“ಈ ಸೂಜಿ ಎಲ್ಲಿ ಸಿಕ್ತ ತಂಗಿ? ನನಗೂ ಒಂದ ತಂದುಕೊಡವಾ,” ಅಂದಿರಿ.

“ಆ ಅಂಗಡಿ ಮುಚ್ಚೋಯ್ತು ಗಿರಿಜಕ್ಕ. ನನ್ನತ್ರ ಇರೋದೂ ಇದೊಂದೇ.”

“ಹಂಗಾರ ಇದನ್ನ ಒಂದ ದಿನದ ಮಟ್ಟಿಗೆ ಕೊಡು.”

“ಸೂಜಿ ಕೊಟ್ರೆ ಜಗಳ ಬರುತ್ತಂತೆ, ನಮಗ್ಯಾಕೆ? ದಬ್ಬಣದಲ್ಲೇ ಹೊಲೀರಿ, ಏನೂ ಆಗಲ್ಲ.”

ನೀವು ನಕ್ಕು, ಹೌದು ಬಿಡು ಅಂದಿರಿ. ಸೂಜಿಯನ್ನು ಎಂದೂ ಕೈಯಿಂದ ಕೈಗೆ ಕೊಡದೆ ನೆಲದ ಮೇಲಿಟ್ಟು ಕೊಡುವವರು ನೀವು. ಆ ನಂಬಿಕೆಯನ್ನೇ ಹಿಡಿದು ನಿಮ್ಮ ಬಾಯಿ ಮುಚ್ಚಿಸಿದೆ. ಗುರುವಿಗೇ ತಿರುಮಂತ್ರ!

ಶಾಲೆಯಲ್ಲಿ ಮೇಡಂ ನಿಮ್ಮ ಆನೆಯನ್ನೇ ಮೊದಲು ಎತ್ತಿಕೊಂಡರು. ಎಷ್ಟು ಮುದ್ದಾಗಿತ್ತು ಅದು! ತಿರುಗಿಸಿ ನೋಡಿ, ಕಣ್ಣನ್ನು ಹಿಡಿದು ಮೆಲ್ಲಗೆ ಎಳೆದರು. ಬಂದೇಬಿಟ್ಟಿತು. “ಮಗು ಬಾಯಿಗೆ ಹಾಕ್ಕೊಂಡ್ರೆ ಏನ್ರೀ ಗತಿ?” ಅಂದರು. ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿರಿ. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ನನ್ನ ಕರಡಿಯನ್ನು ಮುಂದಿಟ್ಟೆ.

ಮೂರು ತಿಂಗಳು ನೀವು ಹೊಲಿಗೆ ಮುಟ್ಟಲಿಲ್ಲ. ಒಂದು ದಿನ, ಮಿಕ್ಕ ಬಟ್ಟೆ-ದಾರವನ್ನೆಲ್ಲ ನನಗೇ ಕೊಟ್ಟುಬಿಡಲು ಬಂದು, ದಾರ ಹಾಕಲು ನನ್ನ ಹೊಲಿಗೆ ಡಬ್ಬಿ ತೆರೆದಿರಿ. ಪ್ಯಾಕೆಟ್ಟು ಅಲ್ಲೇ ಇತ್ತು, ಇನ್ನೂ ಒಂಬತ್ತು ಸೂಜಿ. ಬೈಯುತ್ತೀರಿ ಅಂದುಕೊಂಡೆ. ಸೂಜಿಗಳನ್ನು ಒಂದೊಂದಾಗಿ ಎಣಿಸಿ, “ನನ್ನ ಕೈನ ಕೆಟ್ಟೈತಿ ಅಂತ ತಿಳ್ಕೊಂಡಿದ್ದೆನಲ್ಲ ತಂಗಿ,” ಅಂದಿರಿ. ತಿಂಗಳೊಳಗೆ ಬೇಗೂರಿನ ಕಡೆ ಮನೆ ಮಾಡಿಕೊಂಡು ಹೋದಿರಿ.

ನೀವು ಇವತ್ತಿಗೂ ಹೊಲಿಯುವುದಿಲ್ಲ ಅಂತ ಕೇಳಿದೆ. ನಾನೋ, ಅದೇ ಶಾಲೆಗೆ ಆರು ವರ್ಷದಿಂದ ಹೊಲಿಯುತ್ತಿದ್ದೇನೆ. ಮಕ್ಕಳು ನನ್ನನ್ನು ಗೊಂಬೆ ಆಂಟಿ ಅನ್ನುತ್ತಾರೆ. ನಿಮಗೆ ಸಿಗಬೇಕಿದ್ದ ಹೆಸರು ಅದು.

ನಿನ್ನೆ ಮೇಡಂ ಮುಂದೆ ಎಲ್ಲ ಹೇಳಿದೆ. ಮೊಲದ ಕಥೆಯನ್ನೂ. ಇನ್ನು ಇಲ್ಲಿಗೆ ಹೊಲಿಯುವುದಿಲ್ಲ ಅಂದೆ. ಅವರು ನನ್ನ ಮುಖ ನೋಡದೆ ನಿಮ್ಮ ನಂಬರು ಕೇಳಿದರು, ಕೊಟ್ಟೆ. ಕ್ಷಮಿಸಿ ಅಂತ ಬರೆಯುವ ಯೋಗ್ಯತೆ ನನಗಿಲ್ಲ. ನನ್ನ ಜೊತೆ ಎಂದೂ ಮಾತಾಡಬೇಡಿ, ಗಿರಿಜಕ್ಕ — ಅವರು ಫೋನ್ ಮಾಡಿದರೆ ಮಾತ್ರ ಎತ್ತಿ.