ಗಾಜಿನ ಅಂಗಡಿಯ ಗೊಂಬೆಗೆ ಸೀರೆ ಉಡಿಸಿದವಳು

ಅಕ್ಕನ ತುಟಿಗಳ ನಡುವೆ ಯಾವಾಗಲೂ ಎರಡು ಮೂರು ಗುಂಡುಪಿನ್ನುಗಳಿರುತ್ತಿದ್ದವು. ಮಾತನಾಡುವಾಗಲೂ ತೆಗೆಯುತ್ತಿರಲಿಲ್ಲ, ಬಾಯಿಯ ಒಂದು ಮೂಲೆಯಲ್ಲಿ ಪಿನ್ನು, ಇನ್ನೊಂದು ಮೂಲೆಯಿಂದ ಮಾತು. ಬೋಳಿಸಿದ ತಲೆ, ಮೇಲೆ ಕೆಂಪು ಸೀರೆಯ ಸೆರಗು. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಮಾಳಮಡ್ಡಿಯ ನಮ್ಮ ಮನೆಗೆ ತಿರುಗಿ ಬಂದಿದ್ದಳು. ಅಪ್ಪ ಇರಲಿಲ್ಲ. ಕುಪ್ಪಸ ಹೊಲಿದು ಅವ್ವನನ್ನೂ ನನ್ನನ್ನೂ ಸಾಕಿದಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಆಗ ಸ್ಟೇಶನ್ ರಸ್ತೆಯಲ್ಲಿ ಹೊಸದಾಗಿ ದೊಡ್ಡದೊಂದು ಸೀರೆ ಅಂಗಡಿಯಾಗಿತ್ತು. ಮುಂದೆ ಆಳೆತ್ತರದ ಗಾಜು, ಅದರೊಳಗೆ ಮುಂಬಯಿಯಿಂದ ತರಿಸಿದ ಗೊಂಬೆ. ಗುಮಾಸ್ತರೇ ಅದಕ್ಕೆ ಸೀರೆ ಸುತ್ತಿ ನಿಲ್ಲಿಸಿದ್ದರು. ಹೊಲಿದ ಕುಪ್ಪಸ ಕೊಡಲು ಹಿಂಬಾಗಿಲಿಗೆ ಹೋದ ಅಕ್ಕ ಅದನ್ನು ನೋಡಿ ನಕ್ಕುಬಿಟ್ಟಳಂತೆ.

"ಸಾವ್ಕಾರ್ರ, ಈಕಿಗೇನು ಜ್ವರ ಬಂದಾವೇನು? ಕಂಬಳಿ ಹೊದ್ದವರಂಗ ನಿಂತಾಳಲ್ಲ."

"ಹಂಗಾರ ನೀವಽ ಉಡಸ್ರಿ, ನೋಡೂಣು," ಎಂದರಂತೆ ಸಾವ್ಕಾರರು.

ಅಂದಿನಿಂದ ಪ್ರತಿ ಸೋಮವಾರ ಅಂಗಡಿ ತೆರೆಯುವ ಮೊದಲೇ ಅಕ್ಕ ಹಿಂಬಾಗಿಲಿನಿಂದ ಹೋಗಿ ಗೊಂಬೆಗೆ ಹೊಸ ಸೀರೆ ಉಡಿಸಿ ಬರುತ್ತಿದ್ದಳು. ಬಾಗಿಲು ತೆರೆಯುತ್ತಿದ್ದವನು ಅಂಗಡಿ ಕಾಯುವ ಮುದುಕ. ಅಕ್ಕ ಬರುವ ಹೊತ್ತಿಗೆ ನೆಲ ಒರೆಸಿ, ಕೂರಲು ಮಣೆ ಹಾಕಿ, ಕೆಲಸ ಮುಗಿಯುವವರೆಗೆ ಆಚೆ ಮುಖ ಮಾಡಿ ನಿಲ್ಲುತ್ತಿದ್ದ. ಸಾವ್ಕಾರರದು ಒಂದೇ ಕರಾರು: ಈ ಸುದ್ದಿ ಹೊರಗೆ ಹೋಗಬಾರದು. ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ನಮ್ಮಲ್ಲಿ ಘಳಿಗೆ ಮುರಿಯುವುದು ಎನ್ನುತ್ತಾರೆ. ಅದನ್ನು ಮುತ್ತೈದೆಯೇ ಮಾಡಬೇಕು. ವಿಧವೆ ಘಳಿಗೆ ಮುರಿದ ಸೀರೆಯನ್ನು ಮದುವೆಗೆಂದು ಯಾರು ಕೊಳ್ಳುತ್ತಾರೆ?

ಗೊಂಬೆಯ ಹಣೆಗೆ ಕುಂಕುಮವನ್ನೂ ಅಕ್ಕನೇ ಹಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಕುಂಕುಮದ ಭರಣಿ ಮುಟ್ಟುವ ಹಾಗಿರಲಿಲ್ಲ.

ಕೆಲವೊಮ್ಮೆ ನನ್ನನ್ನು ಪೇಟೆಯ ಅಂಗಡಿಗಳ ಮುಂದೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಸೀರೆಗಳು ಮಾಡಿನಿಂದ ಇಳಿಬಿದ್ದಿರುತ್ತಿದ್ದವು, ಗಾದಿಯ ಮೇಲೆ ರಾಶಿ ಬಿದ್ದಿರುತ್ತಿದ್ದವು. ದಾರಿಯಲ್ಲಿ ಹೋಗುವವರ ಮೈಗೂ ತಾಗುತ್ತಿದ್ದವು.

"ಬಾಯಾರ, ತಗೊಳ್ಳಾಕ ಬಂದೀರೋ, ತಪಾಸಣಿಗೆ ಬಂದೀರೋ?" ಎಂದು ಒಬ್ಬ ಅಂಗಡಿಯವನು ಕೆಣಕಿದ.

"ಆ ಹಸರು ಸೀರಿ ಬಿಸಲಾಗಿಂದ ತಗೀರಿ ಮದಲ. ಸಂಜೀತನಕ ಬಿಟ್ರ ಬಣ್ಣ ಹಾರಿ ನಿಮ್ಮ ಗಿರಾಕಿನೂ ಹಾರ್ತಾರ," ಎಂದಳು ಅಕ್ಕ. ಅವನು ತೆಗೆದ.

ತಿರುಗಿ ಬರುವಾಗ ನನಗೆ ಹೇಳಿದಳು: "ಪ್ಯಾಟ್ಯಾಗ ಸೀರಿ ಕೈಗೆ ಸಿಗಬೇಕು. ಮಂದಿ ಮುಟ್ಟತಾರ, ಜಗ್ಗತಾರ, ಚೌಕಾಶಿ ಮಾಡತಾರ. ಗಾಜಿನ ಅಂಗಡ್ಯಾಗ ಕಣ್ಣಿಗಷ್ಟ ಸಿಗಬೇಕು. ಬಾಜೂಕ ಇನ್ನೊಂದು ಸೀರಿ ಇಟ್ಟರ ಸಾಕು, ಎರಡೂ ಸೋವಿ ಕಾಣಸ್ತಾವ."

ನನಗೆ ಹುಬ್ಬಳ್ಳಿಯ ಮನೆತನವೊಂದರಲ್ಲಿ ಮದುವೆ ಗೊತ್ತಾಯಿತು. ಸೀರೆ ಆರಿಸಲು ಅತ್ತೆಯಾಗುವವರು ನನ್ನನ್ನೇ ಕರೆದುಕೊಂಡು ಗಾಜಿನ ಅಂಗಡಿಗೆ ಹೋದರು. ಒಳಗೆ ಗುಮಾಸ್ತರು ಎಷ್ಟು ಸೀರೆ ಬಿಚ್ಚಿದರೂ ಅವರ ಕಣ್ಣು ಗೊಂಬೆಯನ್ನು ಬಿಟ್ಟು ಸರಿಯಲಿಲ್ಲ. "ಅದಽ ಬೇಕು," ಎಂದರು. ಕುಸುಂಬಿ ಬಣ್ಣ, ಜರಿಯ ಸೆರಗು. ಆ ವಾರದ ಸೋಮವಾರವೇ ಅಕ್ಕ ಅದರ ಘಳಿಗೆ ಮುರಿದಿದ್ದಳು. ಸಾವ್ಕಾರರು ನನ್ನ ಮುಖ ನೋಡಲಿಲ್ಲ. ಸೀರೆ ಇಳಿಸಿ ಮಡಿಸಿ ಕೊಟ್ಟರು.

ನಾನು ಸುಮ್ಮನಿರಬಹುದಿತ್ತು. ಆ ಸೀರೆ ಉಟ್ಟರೆ ನನಗೂ ಅಕ್ಕನ ಗತಿಯೇ ಬರುತ್ತದೆಂದು ಹೆದರಿದೆ. ಅವಳ ಬೋಳುತಲೆಯ ಕೆಳಗೆ ನನ್ನ ಮುಖ ಕಂಡಂತಾಯಿತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅತ್ತೆಯವರು ಮನೆಗೆ ಬಂದಾಗ ಹಿತ್ತಲಿಗೆ ಕರೆದು ಹೇಳಿಬಿಟ್ಟೆ.

"ಅತ್ಯಾರ, ಆ ಸೀರಿ ಬ್ಯಾಡ್ರಿ. ಗೊಂಬಿಗೆ ಉಡಸಿದಾಕಿ ನಮ್ಮ ಅಕ್ಕ."

ಅವರು ನನ್ನ ಗಲ್ಲ ಹಿಡಿದು, "ಶಾಣ್ಯಾ ಇದ್ದೀ. ನಿನ್ನ ಹೆಸರು ಬರಗೊಡೂದಿಲ್ಲ," ಎಂದರು. ಮಾತು ಉಳಿಸಿಕೊಂಡರು. ಅಂದೇ ಅಂಗಡಿಗೆ ಹೋಗಿ, ತುಂಬಿದ ಗಿರಾಕಿಗಳ ಎದುರಿಗೆ, ವಿಧವೆ ಘಳಿಗೆ ಮುರಿದ ಸೀರೆಯೆಂದು ಕೂಗಿ, ಅದನ್ನು ಸಾವ್ಕಾರರ ಗಾದಿಯ ಮೇಲೆ ಒಗೆದು ಬಂದರು. ನನ್ನ ಮದುವೆ ಬೇರೆ ಸೀರೆಯಲ್ಲಿ ಚೆನ್ನಾಗಿಯೇ ಆಯಿತು.

ಮುಂದಿನ ಸೋಮವಾರ ಅಕ್ಕನಿಗೆ ಹಿಂಬಾಗಿಲು ತೆರೆಯಲಿಲ್ಲ. ಸುದ್ದಿ ಹರಡಿ, ಕುಪ್ಪಸ ಹೊಲಿಯಲು ಕೊಡುವವರೂ ನಿಂತರು. ಅಕ್ಕ ಮಂದಿಯ ಮನೆಗಳಲ್ಲಿ ಅಡುಗೆಗೆ ನಿಂತಳು. ನಾನು ತವರಿಗೆ ಬಂದಾಗ ಒಮ್ಮೆ ಹೇಳಿದಳು:

"ಗೊತ್ತಿದ್ದವರು ನಾಕಽ ಮಂದಿ. ಸಾವ್ಕಾರ್ರು ತಮ್ಮ ಅಂಗಡಿಗೆ ತಾವಽ ಕಲ್ಲು ಹಾಕೋದಿಲ್ಲ. ಅವ್ವನೂ ಅಲ್ಲ, ನೀ ಅಂತೂ ಅಲ್ಲ. ಆ ಮುದುಕಂದಽ ಕೆಲಸ."

ಒಲೆಯ ಮೇಲಿನ ಹಾಲು ನೋಡುವವಳಂತೆ ನಾನು ಎದ್ದು ಹೋದೆ.

ಒಂದು ದಿನ ನಾನೂ ಅಕ್ಕನೂ ಸ್ಟೇಶನ್ ಕಡೆಗೆ ಹೋಗುವಾಗ ಆ ಮುದುಕ ಎದುರಾದ. "ಬಾಯಾರ, ದೇವರಾಣಿ ನಾ ಅಲ್ರಿ," ಎಂದ. ಅಕ್ಕ ಮುಖ ತಿರುಗಿಸಿ ನಡೆದಳು. ನಾನು ಅವಳ ಹಿಂದೆ ನಡೆದೆ.

ಹೊಗೆಯಲ್ಲಿ ಬೆಂದು ಬೆಂದು ಅಕ್ಕನಿಗೆ ಕೆಮ್ಮು ಹತ್ತಿತು, ಆಮೇಲೆ ಕ್ಷಯವಾಯಿತು. ಅವ್ವ ಆಗಲೇ ತೀರಿಕೊಂಡಿದ್ದಳು, ಕೊನೆಯ ತಿಂಗಳು ನಾನೇ ಆರೈಕೆ ಮಾಡಿದೆ. ಹೇಳಬೇಕೆಂದು ದಿನವೂ ಹತ್ತಿರ ಕೂರುತ್ತಿದ್ದೆ. ಅವಳು, "ನೀ ಒಬ್ಬಾಕೀನಽ ನನಗ," ಎನ್ನುತ್ತಿದ್ದಳು. ನಾನು ಔಷಧಿ ಕುಡಿಸಿ ಎದ್ದುಬಿಡುತ್ತಿದ್ದೆ. ಹಾಗೆಯೇ ಹೋದಳು.

ಹೆಣ ಎತ್ತುವ ಹೊತ್ತಿಗೆ ಆ ಮುದುಕ ಬಂದು ರಸ್ತೆಯಾಚೆ ನಿಂತಿದ್ದ. ಎಲ್ಲರೂ ಹೋದ ಮೇಲೆ ಬಾಗಿಲಿಗೆ ಬಂದ.

"ಸಣ್ಣ ಬಾಯಾರ, ಕಡೀತನಕ ಅವರು ನನ್ನ ಮ್ಯಾಲ ಸಿಟ್ಟಿದ್ರೇನ್ರಿ?"

ಆಗ ಮನೆಯಲ್ಲಿ ಯಾರೂ ಇರಲಿಲ್ಲ. ಹೇಳಿದ್ದರೆ ಕೇಳುವವನು ಅವನೊಬ್ಬನೇ.

"ಇಲ್ಲ," ಎಂದೆ. "ಅಕ್ಕ ನಿಮಗ ಕ್ಷಮಾ ಮಾಡಿದ್ಲು."

ಮುದುಕ ಅಳುತ್ತ ನನಗೆ ಕೈ ಮುಗಿದ.